ಎರಡು ಕಿಲೋ ಹಿಟ್ಟು

ಕಿಟುಯಿಯ ಒಣ ಬಯಲಲ್ಲಿ
ಜಾಲಿಮರದ ತುದಿಗೆ ಕಟ್ಟಿದ ಟೊಳ್ಳು ದಿಮ್ಮಿಗಳು
ಗಂಡಸರವು.
ಹೆಂಗಸು ಮರ ಹತ್ತಿದರೆ ಜೇನು ಊರು ಬಿಡುತ್ತದೆ
ಎಂದಿದ್ದಳು ನಮ್ಮಜ್ಜಿ,
ಅವಳಿಗೆ ಹಾಗೆಂದವರು ಯಾರೋ.

ಸ್ಯೋಂಬುವಾ ಹತ್ತಲಿಲ್ಲ.
ಎರಡು ಗೂಟ ನೆಟ್ಟು, ತಂತಿ ಬಿಗಿದು
ಸೊಂಟದೆತ್ತರಕ್ಕೆ ಪೆಟ್ಟಿಗೆ ತೂಗುಬಿಟ್ಟಳು.
ಅಜ್ಜಿಯ ಮಾತೂ ಮುರಿಯಲಿಲ್ಲ,
ಮರಕ್ಕೆ ಕಾಲೂ ಸೋಕಲಿಲ್ಲ.

ಮೂರು ತಿಂಗಳು ಜೇಡವೊಂದೇ ಬಾಡಿಗೆಗೆ.
"ನಿನ್ನ ಜೇಡ ಎಷ್ಟು ತುಪ್ಪ ಕೊಟ್ಟಿತು?"
ಕೇಳಿದ ಮೈದುನ ಮುಟಿಂಡಾ.
ಅವಳು ಪೆಟ್ಟಿಗೆಯೊಳಗೆ ಮತ್ತೆ ಮೇಣ ಸವರಿದಳು.

ಜಾಲಿ ಹೂಬಿಟ್ಟ ವಾರ ಬಂದವು.
ಮಟಮಟ ಮಧ್ಯಾಹ್ನಕ್ಕೊಂದು ಕಂದು ಕಲೆ,
ಆಮೇಲೆ ಬರೀ ಸದ್ದು.

ಸೊಳ್ಳೆಪರದೆ ಹರಿದು ಮುಖಕ್ಕೆ ಸುತ್ತಿ
ಸಗಣಿಹೊಗೆ ಊದುತ್ತ ಅವಳು ಕೈಯಿಟ್ಟ ರಾತ್ರಿ
ಟಾರ್ಚು ಹಿಡಿದವಳು ನಾನು.
ಬೆಳಗಿಗೆ ಎಡಗಣ್ಣು ಬಾತು ಮುಚ್ಚಿತ್ತು.
"ತಕ್ಕಡಿ ನೋಡಲು ಒಂದು ಸಾಕು," ಅಂದಳು.

ಬುಧವಾರದ ಸಂತೆ. ಹಳದಿ ಡಬ್ಬ.
ಒಂಬತ್ತು ಕಿಲೋ, ಎಂದ ವ್ಯಾಪಾರಿ.
ಅವಳು ಮಾತಾಡಲಿಲ್ಲ.
ಚೀಲದಿಂದ ಮೆಕ್ಕೆಜೋಳದ ಹಿಟ್ಟಿನ ಪೊಟ್ಟಣ ತೆಗೆದು
(ಸೀಲು ಒಡೆಯದ್ದು, ಎರಡು ಕಿಲೋ ಎಂದು ಅಚ್ಚಾದದ್ದು)
ಅದೇ ತಕ್ಕಡಿಯ ಮೇಲಿಟ್ಟಳು.

ಮುಳ್ಳು ಒಂದೂವರೆಗೆ ನಿಂತಿತು.

ಹಿಂದಿದ್ದ ಹೆಂಗಸರು ಒಬ್ಬೊಬ್ಬರಾಗಿ
ತಮ್ಮ ಡಬ್ಬಗಳ ಮುಚ್ಚಳ ಬಿಗಿಮಾಡಿದರು.

ಈಗ ತಕ್ಕಡಿ ನಮ್ಮದು, ಹನ್ನೊಂದು ಜನರದು.
ದಿಮ್ಮಿಗಳ ತುಪ್ಪ ಹೊತ್ತು ಮುಟಿಂಡಾನೂ ಬರುತ್ತಾನೆ,
ಸಾಲಿನಲ್ಲಿ ನಿಲ್ಲುತ್ತಾನೆ.
ಸ್ಯೋಂಬುವಾ ಮೊದಲು ಹಿಟ್ಟಿನ ಪೊಟ್ಟಣ ಇಟ್ಟು ತೋರಿಸುತ್ತಾಳೆ,
ಅದೇ ಹಳೆಯದು,
ಒಳಗೆ ಹುಳ ಬಿದ್ದಿರಬೇಕು, ಒಡೆದಿಲ್ಲ.
ಆಮೇಲೆ ಅವನ ಡಬ್ಬ.