ಹನ್ನೊಂದನೇ ಭಟ್ಟಿ

ಸುತ್ತೋಲೆ ಬಂದದ್ದು ಸೋಮವಾರ. ನಾಲ್ಕು ಪುಟ.
ಮೊದಲು ವೈದ್ಯರು ಹೆಸರು, ನೋಂದಣಿ ಸಂಖ್ಯೆ ಹೇಳತಕ್ಕದ್ದು.
ರೋಗಿಯ ಮಾತನ್ನು ಗೌಪ್ಯವಾಗಿಡತಕ್ಕದ್ದು.
ಕೆಲವು ಔಷಧಗಳನ್ನು ಪರದೆಯಲ್ಲಿ ಬರೆಯತಕ್ಕದ್ದಲ್ಲ.
ಹಸಿರು ಪೆನ್ನಿನಲ್ಲಿ ಗೆರೆ ಎಳೆದು
ಬಿಪಿ ಮಿಷನ್ನಿನ ಕೆಳಗಿಟ್ಟೆ.

ಜೈತುನ್‌ಬಿ ಬಂದಳು, ಪಾಳಿ ಮುಗಿಸಿ,
ಕೆಮ್ಮು ಅವಳಿಗಿಂತ ಮೊದಲೇ ಕ್ಲಿನಿಕ್ಕಿನ ಒಳಗೆ.
ಹುಬ್ಬಿನ ಮೇಲೆ ಮಸಿ. ಸೆರಗಿನಲ್ಲಿ
ಸಿಡಿದು ಸಿಕ್ಕಿದ ಎರಡು ಮಂಡಕ್ಕಿ.

ಆರೋಗ್ಯ ಖಾತೆಗೆ ಹೆಬ್ಬೆಟ್ಟು ಒತ್ತಿಸಿದೆ.
ಯಂತ್ರ ಕೆಂಪಾಯಿತು. ಒರೆಸಿ ಒತ್ತಿಸಿದೆ. ಕೆಂಪು.
"ಕಾದ ಉಸುಕಿನ್ಯಾಗ ಗೆರಿ ಎಲ್ಲಿ ಉಳೀತಾವ ಸಿಸ್ಟರ್"
ಅಂದಳು, ಯಾರದೋ ಬೆರಳನ್ನು ನೋಡಿದಂತೆ ನೋಡಿ.
ಒಟಿಪಿ ಹೋದದ್ದು ತಮ್ಮನ ಹೆಂಡತಿಯ ಫೋನಿಗೆ,
ಅವಳು ಹರಿಹರದ ಬಸ್ಸಿನಲ್ಲಿ.
ಕಾದೆವು. ಅಷ್ಟರಲ್ಲಿ ಜೈತುನ್‌ಬಿ
ತೂಕದ ಯಂತ್ರ ಹತ್ತಿದಳು, ಇಳಿದಳು,
ನಂಬದೆ ಮತ್ತೆ ಹತ್ತಿದಳು.

ಪರದೆ ಬೆಳಗಿತು. ಎಲ್ಲಿಯದೋ ಬಿಳಿ ಗೋಡೆ,
ಚಿಕ್ಕ ಪ್ರಾಯದ ಡಾಕ್ಟರು, ಕಿವಿಯಲ್ಲಿ ವೈರು.
"ನಾನು ಡಾಕ್ಟರ್ ಚಿನ್ಮಯಿ ಕುಬಸದ. ನೋಂದಣಿ ಸಂಖ್ಯೆ..."
ಅಂಕಿಗಳನ್ನು ಮಗ್ಗಿಯಂತೆ ಒಪ್ಪಿಸಿದರು.

ಇನ್ನು ತನ್ನ ಸರದಿ ಅಂದುಕೊಂಡಳೋ ಏನೋ,
ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು:
"ಜೈತುನ್‌ಬಿ. ಎರಡನೇ ಸಾಲು, ಹನ್ನೊಂದನೇ ಭಟ್ಟಿ.
ಇಪ್ಪತ್ತಾರು ವರ್ಷ."
ಅತ್ತ ಕೀಲಿಗಳ ಸದ್ದು ನಿಂತಿತು.
ಆ ನಂಬರಿಗೆ ಫಾರಮ್ಮಿನಲ್ಲಿ ಜಾಗವಿಲ್ಲ.

"ಭಟ್ಟಿಗೆ ಏನು ಉರಿಸ್ತೀರಿ?"
ನನ್ನತ್ತ ನೋಡಿದಳು. ಕಿಟಕಿಯತ್ತ ನೋಡಿದಳು.
"ಭತ್ತದ ಹೊಟ್ಟು." ಸ್ವಲ್ಪ ಬಿಟ್ಟು,
"ನೀವು ಬರಕೊಳ್ಳೋದನ್ನ ಯಾರ್ಯಾರ್ ಓದ್ತಾರ್ರಿ?"
"ನಾನು, ಸಿಸ್ಟರ್. ನೀವು ಒಪ್ಪದೆ ಬೇರೆ ಯಾರೂ ಓದುವಂತಿಲ್ಲ."
"ಮಾಲೀಕರು?"
"ಇಲ್ಲ."
"ಟೈರೂ ಹಾಕ್ತೀವ್ರಿ. ರಾತ್ರಿ ಪಾಳಿಯಾಗ."

ಎದೆಯ ಎಕ್ಸ್‌ರೇ, ಸಿ.ಜಿ. ಆಸ್ಪತ್ರೆ, ಬೆಳಿಗ್ಗೆ ಹತ್ತಕ್ಕೆ.
"ಹತ್ತಕ್ಕ ಭಟ್ಟಿ ಐತ್ರಿ," ಅಂದಳು.
ಹೋದ ವರ್ಷ ಕುಡಿದಿದ್ದ
ನಿದ್ದೆ ಬರಿಸುವ ಸಿರಪ್ಪು ಕೇಳಿದಳು.
ಅದು ಪುಟ ಮೂರು. ಅದಕ್ಕೆ ನೇರ ಹೋಗಬೇಕು.
ಡಾಕ್ಟರು ಇನ್ನೇನೋ ಹೇಳಹೊರಟರು,
ಬಾಯಿ ತೆರೆದಲ್ಲೇ ಚಿತ್ರ ನಿಂತಿತು.

ಉಳಿದ ಕಾಲಂ ನಾನೇ ತುಂಬಿದೆ.
ಹೊಗೆಯ ಮೂಲ: ಸೌದೆ, ಬೀಡಿ, ಸೊಳ್ಳೆಬತ್ತಿ, ಇತರೆ.
ಇತರೆ.

ಸಂಜೆ ಗಾಡಿಯ ಮುಂದೆ ನಿಂತು
ಮಂಡಕ್ಕಿ ಮೆಣಸಿನಕಾಯಿ ತಿಂದೆ.
ದಿನಾ ತಿನ್ನುತ್ತೇನೆ.
ಒಂದೊಂದನ್ನೇ ಬೆರಳಲ್ಲಿ ಹಿಡಿದು ತಿಂದದ್ದು
ಅವತ್ತೇ ಮೊದಲು.