ಬಹುವಚನ

ಮೈದಾಹಿಟ್ಟಿನ ಅಂಟಿಗೆ ಚಿಟಿಕೆ ಮೈಲುತುತ್ತ ಬೆರೆಸಬೇಕು,
ಇಲ್ಲದಿದ್ದರೆ ದೇವರ ಮಾತನ್ನೂ ಜಿರಲೆ ಬಿಡುವುದಿಲ್ಲ.
ಡಾಕ್‌ಯಾರ್ಡ್ ರೋಡಿನ ಸೇತುವೆಯ ಕೆಳಗೆ ನನ್ನ ಬೈಂಡಿಂಗ್ ಅಂಗಡಿ.
ಹಾರ್ಬರ್ ಲೈನಿನ ಗಾಡಿ ಹೋದಾಗಲೆಲ್ಲ
ಕಪಾಟಿನ ಪುಸ್ತಕಗಳು ಒಂದಿಂಚು ಮುಂದೆ ಬರುತ್ತವೆ,
ಏನೋ ಹೇಳುವುದಿದ್ದ ಹಾಗೆ.

ಒಂದೇ ವಾರ ಎರಡು ಗ್ರಂಥ ಬಂದವು, ಹೊಲಿಗೆ ಬಿಟ್ಟುಕೊಂಡು.
ಒಂದು ಸಿಯೋನ್ ರಾಜಪುರ್ಕರರದು.
ಟ್ರಾಮು ನಿಂತುಹೋದ ಮೇಲೂ ಕಂಡಕ್ಟರನ ಹಾಗೇ ನಿಲ್ಲುವವರು,
ಕಾಲು ಅಗಲಿಸಿ, ಒಂದು ಕೈ ಮೇಲಕ್ಕೆ.
ಅದು ಬಲಗಡೆಯಿಂದ ತೆರೆಯುವ ಪುಸ್ತಕ.
ಇನ್ನೊಂದು ಮಾಥರ್‌ಪಾಖಾಡಿಯ ಪಾಸ್ಕಲ್ ಮಿಸ್ಕಿತಾರದು,
ಇಗರ್ಜಿಯಲ್ಲಿ ಮಕ್ಕಳಿಗೆ ಜ್ಞಾನೋಪದೇಶ ಹೇಳಿಕೊಡುವವರು.
ನಾನು ರಾಜಪುರ್ಕರರದಕ್ಕೆ ಹಿಂಬದಿಗೆ ಹೆಸರು ಅಚ್ಚೊತ್ತಿಬಿಟ್ಟಿದ್ದೆ.
"ಮುಗಿಯುವಲ್ಲಿ ಬಾಗಿಲು ಇಟ್ಟೆಯಲ್ಲೋ ಸಾಲ್ಯಾನ್!"
ಪಕ್ಕದ ಸ್ಟೂಲಿನಿಂದ ಮಿಸ್ಕಿತಾ: "ನಮಗೆ ಅಲ್ಲಿಂದಲೇ ಶುರು."
ಅಷ್ಟು ಸಾಕಾಯಿತು.

ನಡುವೆ ಬಂದದ್ದು ಒಂದು ಪದ. ಅಲ್ಮಾ.
ಹರೆಯದವಳು, ಅಷ್ಟೇ, ಎಂದರು ರಾಜಪುರ್ಕರ್.
ಬಸುರಿ, ಆಗಲೇ ಬಸುರಿ, ಎದುರಿಗೇ ಇದ್ದವಳು.
ಎರಡು ಸೈನ್ಯ ಊರ ಹೆಬ್ಬಾಗಿಲಲ್ಲಿ, ಅರಸನ ತೊಡೆ ನಡುಗುತ್ತಿದೆ;
ಅವನಿಗೆ ಪ್ರವಾದಿ ಏಳುನೂರು ವರ್ಷದಾಚೆಯ ಮಗು ತೋರಿಸಿದನೇ?
ಮನೆ ಹೊತ್ತಿ ಉರಿಯುವಾಗ
ಮೊಮ್ಮಗನ ಮೊಮ್ಮಗ ಬಾವಿ ತೋಡುತ್ತಾನೆ, ಹೆದರಬೇಡ, ಎಂದ ಹಾಗೆ?

ಮಿಸ್ಕಿತಾ ಕನ್ನಡಕ ತೆಗೆದು ಒರೆಸಿದರು. ಸಿಟ್ಟು ಬಂದಾಗ ಒರೆಸುವುದು.
ಕನ್ಯೆ ಎಂದು ಗ್ರೀಕಿಗೆ ಇಳಿಸಿದವರು ಯಾರು? ನಿಮ್ಮವರೇ,
ನಮ್ಮ ಸ್ವಾಮಿ ಹುಟ್ಟುವುದಕ್ಕೆ ಎಷ್ಟೋ ಮೊದಲು.
ಹೇಳಿದವನಿಗೆ ಗೊತ್ತಿದ್ದಷ್ಟೇ ಮಾತಿನ ಉದ್ದವೇ?
ಬಂದರಿನ ದೀಪ ಹಚ್ಚಿದವನಿಗೆ
ಯಾವ ಹಡಗು ನೋಡೀತೆಂದು ಗೊತ್ತೇ?

ಹಾಳೆ ಮಡಚುತ್ತ ಕೂತಿದ್ದ ರುಕಿಯಾಗೆ ಏಳು ತಿಂಗಳು;
ತೊಡೆಯ ಮೇಲಿಡುವ ಹಲಗೆ ಈಗ ಹೊಟ್ಟೆಗೆ ತಾಗಿ ಓರೆ.
"ಆ ಹುಡುಗಿಯ ಹೆಸರೇನಂತೆ?" ಕೇಳಿದಳು.
ಇಬ್ಬರೂ ಪುಟ ತಿರುವಿದರು, ಒಬ್ಬರು ಅತ್ತ, ಒಬ್ಬರು ಇತ್ತ.
ಹೆಸರು ಇರಲಿಲ್ಲ.

ಮರುವಾರ, ಪೆಟ್ಟು ತಿಂದ ಸೇವಕನ ಅಧ್ಯಾಯ.
ಕುರಿಯ ಹಾಗೆ ಬಾಯಿ ತೆರೆಯದೆ ಹೋದದ್ದು ಯಾರು?
ಒಬ್ಬನೇ, ಎಂದರು ಮಿಸ್ಕಿತಾ, ಎದೆಯ ಮೇಲೆ ಶಿಲುಬೆ ಬರೆದು.
ಒಂದಿಡೀ ಜನ, ಎಂದರು ರಾಜಪುರ್ಕರ್, ಎಣಿಸಲು ಹೊರಟವರಂತೆ
ಬೆರಳು ಮಡಚಿದರು, ಮಡಚಿದ್ದನ್ನು ಬಿಚ್ಚಲಿಲ್ಲ.
"ನೀನು ಹೇಳು, ನಿನ್ನ ಭಾಷೆಯಲ್ಲಿ. ನೀನು ಯಾರ ಕಡೆಯವನೂ ಅಲ್ಲ."

ಫೋರ್ಟಿನ ರಾತ್ರಿಶಾಲೆಯಲ್ಲಿ ನಿದ್ದೆಗಣ್ಣಲ್ಲಿ ಕಲಿತ ಕನ್ನಡ ನನ್ನದು.
ಆಳಿಗೆ 'ಅವನು' ಸಾಕು, ಲೋಕದ ರೂಢಿ;
ನನ್ನನ್ನೂ ಹನ್ನೊಂದು ವರ್ಷ ಹಾಗೇ ಕರೆದಿದ್ದಾರೆ.
ಅಷ್ಟು ಏಟು ತಿಂದ ಮೇಲೂ ಏಕವಚನ ಹಚ್ಚಲು
ನಾಲಿಗೆ ಹೊರಳಲಿಲ್ಲ.
"ಅವರು ನಮ್ಮ ನೋವು ಹೊತ್ತರು" ಎಂದೆ.

"ಅವರು ಅಂದರೆ? ಒಬ್ಬರೋ, ಹಲವರೋ?"
ನಮ್ಮಲ್ಲಿ ಎರಡಕ್ಕೂ ಅದೇ, ಎಂದೆ.
ಗಾಡಿ ಹೋಯಿತು. ಪುಸ್ತಕಗಳು ಒಂದಿಂಚು ಮುಂದೆ ಬಂದವು.
ರಾಜಪುರ್ಕರ್ ನಕ್ಕರು: ಕೇಳಿದೆಯಾ ಪಾಸ್ಕಲ್, ಹಲವರು!
ಮಿಸ್ಕಿತಾ ನಗಲಿಲ್ಲ. ಸಾಲ್ಯಾನ್, ಎಂದರು,
ಒಂದೇ ಹೊದಿಕೆಯಲ್ಲಿ ಇಬ್ಬರನ್ನು ಮಲಗಿಸಬೇಡ,
ಯಾರದೋ ಕಾಲು ಹೊರಗೆ ಉಳಿಯುತ್ತದೆ.
ಸರಿಯೆನಿಸಿತು. ಅಂಟು ಕದಡಿದೆ.

ರುಕಿಯಾಗೆ ನಾಯರ್ ಆಸ್ಪತ್ರೆಯಲ್ಲಿ ಹೆಣ್ಣುಮಗು.
ಮೂವರೂ ಹೋದೆವು, ಒಂದೇ ಬಸ್ಸು, ಬೇರೆ ಬೇರೆ ಟಿಕೆಟು.
ಪ್ರವಾದಿಯ ಮಗು ಜೇನಿನ ಜೊತೆ ತಿಂದದ್ದು
ಮೊಸರೋ ಬೆಣ್ಣೆಯೋ ಎಂದು ದಾರಿಯುದ್ದ ಜಗಳ.
ಮಂಚದ ತಲೆಗೆ ಒಂದು ಚೀಟಿ ಕಟ್ಟಿತ್ತು,
ತಾಯಿಯ ಹೆಸರು ದೊಡ್ಡ ಅಕ್ಷರದಲ್ಲಿ.
ರಾಜಪುರ್ಕರ್ ಅದನ್ನು ಗಟ್ಟಿಯಾಗಿ ಓದಿದರು.
ಮಿಸ್ಕಿತಾ ಕನ್ನಡಕ ಒರೆಸಿದರು.
ಮಗುವಿನ ಹೆಸರಿಗೆಂದು ಬಿಟ್ಟ ಜಾಗ ಖಾಲಿ ಇತ್ತು.