ಹನ್ನೆರಡಕ್ಕೆ ಹನ್ನೆರಡು

ನಾಲ್ಕು ರಾತ್ರಿ ದೇರಾದಲ್ಲಿ,
ನಾಯಿಫ್ ಬೀದಿಯ ಹಿಂದೆ, ಮೂರನೇ ಮಹಡಿ.
ಕಿಟಕಿ ತೆಗೆದರೆ ಎದುರು ಕಟ್ಟಡದ ಏಸಿಗಳ ಬೆನ್ನು
ಹನಿಹನಿ ಬೆವರುತ್ತ.
ಐದನೆಯದೊಂದು ಮಾತ್ರ
ಕಡಲಿಗೆ ಮಣ್ಣು ಸುರಿದು ಕಟ್ಟಿದ ದ್ವೀಪದಲ್ಲಿ.
ಆ ಒಂದಕ್ಕೆ ಈ ನಾಲ್ಕನ್ನೂ ಕೂಡಿಸಿದರೆ
ಇನ್ನೂ ಅರ್ಧ ಸಾಲದು.

ಲೆಕ್ಕ ನನ್ನದೇ. ರಾಣೆಬೆನ್ನೂರಿನ ಸೊಸೈಟಿಯಲ್ಲಿ
ಹದಿನಾರು ವರ್ಷ ಊರವರ ನೋಟು ಎಣಿಸಿದ ಬೆರಳು.
ಇವರು ಅಂದಿದ್ದರು,
‘ಕಣ್ಣು ಮುಚ್ಚಿದ ಮ್ಯಾಲೆ ಎಲ್ಲಾ ಹಾಸಿಗಿ ಒಂದೇ.’
‘ಹಂಗಾದ್ರ ಮನ್ಯಾಗ ಮುಚ್ಚಬಹುದಿತ್ತಲ್ಲ,’ ಅಂದೆ.

ಶಾಲೆಯಲ್ಲಿ ಇಪ್ಪತ್ತಕ್ಕೇ ನಿಂತಿತ್ತು ಮಗ್ಗಿ.
ದುಬೈ ಇಪ್ಪತ್ಮೂರರದು ಕಲಿಸಿತು:
ಅಂಗಡಿಯ ನೀರು ಇಪ್ಪತ್ಮೂರೊಂದ್ಲಿ,
ಖಾರಿಯ ಮೇಲೆ ಅಬ್ರಾ ದೋಣಿ, ಅದೂ ಒಂದ್ಲಿ,
ಅದಕ್ಕೇ ಮೂರು ಸಲ ದಾಟಿದೆವು, ಕೆಲಸವಿಲ್ಲದೆ.
ರಾತ್ರಿ ಕೆಟಲಿನಲ್ಲಿ ಕುದಿವ ಶ್ಯಾವಿಗೆ,
ಮೇಲೆ ಶೇಂಗಾಚಟ್ನಿ, ನೆಲದ ಮೇಲೆ ಹಾಸಿದ ಟವೆಲ್ಲು.

ಆ ದೊಡ್ಡ ಹೋಟೆಲಿನ ಕಾಗದದಲ್ಲಿತ್ತು:
ಹನ್ನೆರಡರೊಳಗಿನ ಮಕ್ಕಳಿಗೆ ತಿಂಡಿ ಪುಕ್ಕಟೆ.
ದಾಟಿದರೆ ನೂರಾ ಅರವತ್ತು ದಿರ್ಹಮ್;
ಮೂರು ಸಾವಿರದ ಆರುನೂರಾ ಎಂಬತ್ತು, ಎರಡು ಇಡ್ಲಿಗೆ.
ಇಂಚರಾಗೆ ಹನ್ನೆರಡು ತುಂಬುವುದು ಅದೇ ಬೆಳಿಗ್ಗೆ.
ವಿಮಾನ ಅಗ್ಗವೆಂದು ಆ ವಾರ ಹಿಡಿದವಳೂ ನಾನೇ.

ಕೂರಿಸಿಕೊಂಡು ಹೇಳಿದೆ:
‘ನಾಳೆ ಹನ್ನೆರಡಕ್ಕೆ ರೂಮು ಬಿಡೋದು.
ನಿನಗೂ ಹನ್ನೆರಡಕ್ಕೇ ಹನ್ನೆರಡು.
ಅಲ್ಲೀತನಕ ಹನ್ನೊಂದು.’
‘ನಾ ಹುಟ್ಟಿದ್ದು ಎಷ್ಟಕ್ಕ?’
‘ನಸುಕಿನ ನಾಕಕ್ಕ.’
‘ಮತ್ತ ಎಂಟು ತಾಸು ನಾ ಯಾರ ಲೆಕ್ಕದಾಗ?’
ಇವರು ಗೋಡೆ ಕಡೆ ಹೊರಳಿದರು, ನಗು ತಡೆಯಲು.

ಕೌಂಟರಿನ ಹುಡುಗಿ ಪಾಸ್‌ಪೋರ್ಟು ಬಿಡಿಸಿದಳು.
ನನಗೆ ಹೊಳೆದೇ ಇರಲಿಲ್ಲ, ತಾರೀಖು
ಅಲ್ಲೇ ಅಚ್ಚಾಗಿ ಕೂತಿದೆಯೆಂದು.
ಅವಳು ಪುಟ ನೋಡಿದಳು, ಪರದೆ ನೋಡಿದಳು,
ಮಗುವಿನ ವಯಸ್ಸು ಕೇಳಿದಳು.
ನನ್ನ ನಾಲಿಗೆ ಒಣಗಿತು.
‘ಇವತ್ತು ಹನ್ನೊಂದು,’ ಅಂದಳು ಇಂಚರಾ ಇಂಗ್ಲಿಷಿನಲ್ಲಿ,
‘ಇವತ್ತು’ ಅನ್ನುವುದನ್ನು ಒತ್ತಿ.
ಹುಡುಗಿ ತುಟಿ ಕಚ್ಚಿ ಏನೋ ಒತ್ತಿದಳು,
ಬೀಗದ ಕಾರ್ಡು ಎರಡೂ ಕೈಯಿಂದ ಕೊಟ್ಟಳು.

ಮೂರರಿಂದ ನಾಳೆ ಹನ್ನೆರಡು: ಇಪ್ಪತ್ತೊಂದು ತಾಸು.
ತಾಸಿಗೆ ಎರಡು ಸಾವಿರ.
ನಿದ್ದೆ ಮಾಡಿದರೆ ನಷ್ಟ.
ಇವರು ಹತ್ತೇ ನಿಮಿಷದಲ್ಲಿ ಗೊರಕೆ,
ಎಲ್ಲ ಹಾಸಿಗೆಯೂ ಒಂದೇ ಅನ್ನುವ ಮನುಷ್ಯ.
ನಾನು ದೀಪಗಳನ್ನೆಲ್ಲ ಒಮ್ಮೆ ಹಚ್ಚಿ, ಒಮ್ಮೆ ಆರಿಸಿ,
ತೊಟ್ಟಿಯ ಅಂಚಲ್ಲಿ ಕಾಲು ಇಳಿಬಿಟ್ಟು ಕೂತೆ.

ಇಲ್ಲಿಯ ಎರಡೂವರೆ ಅಂದರೆ ನಮ್ಮಲ್ಲಿ ನಾಲ್ಕು.
ಎದ್ದು ನೋಡಿದರೆ
ಗಾಜಿಗೆ ಹಣೆ ಹಚ್ಚಿ ನಿಂತಿದ್ದಾಳೆ,
ಹೋಟೆಲಿನ ಬಿಳಿ ನಿಲುವಂಗಿ ನೆಲಕ್ಕೆ ಎಳೆಯುತ್ತ.
ಹೊರಗೆ ಸಮುದ್ರ, ಅದಕ್ಕೆ ಯಾರೂ ದರ ಬರೆದಿರಲಿಲ್ಲ.
‘ಈಗಾ?’
‘ಈಗ.’
‘ಹನ್ನೆರಡಾ?’
‘ಮೆಲ್ಲಗ ಅನ್ನು.’
ಫ್ರಿಜ್ಜಿನಿಂದ ಒಂದು ಚಾಕಲೇಟು ತೆಗೆದೆ.
ಚೀಟಿಯಲ್ಲಿ ನಲವತ್ತೈದು.
ಇಪ್ಪತ್ಮೂರು ನಲವತ್ತೈದ್ಲಿ ಎಷ್ಟು,
ಬಾಯಿಗೆ ಬಂತು; ಅದರ ಬದಲು ಅರ್ಧ ಮುರಿದು ಇಟ್ಟುಕೊಂಡೆ.

ಬೆಳಿಗ್ಗೆ ಹನ್ನೊಂದು ವರ್ಷದವಳು
ನಾಲ್ಕು ತಟ್ಟೆ ತಿಂದಳು.
ಬಿಲ್ಲಿನಲ್ಲಿ, ಮಗು: ಸೊನ್ನೆ. ಚಾಕಲೇಟು: ನಲವತ್ತೈದು.
ಇವರು ನನ್ನ ಮುಖ ನೋಡಿದರು.
ನಾನು ಗಡಿಯಾರ ನೋಡಿದೆ. ಹನ್ನೆರಡು ಆಗಿ ಮೂರು ನಿಮಿಷ.

ಮೆಟ್ರೊದಲ್ಲಿ ಅವಳ ಚೀಲದಿಂದ ಇಣುಕುತ್ತಿದ್ದವು
ರೂಮಿನ ಬಿಳಿ ಚಪ್ಪಲಿ, ಮೂರು ಜೊತೆ.
‘ಒಯ್ಯಬಹುದಂತ, ಕೇಳಿದೆ,’ ಅಂದಳು.
‘ನಿನಗ ದೊಡ್ಡವಲ್ಲ?’
‘ಇರಲಿ,’ ಅಂದಳು, ನಾನು ಬಟ್ಟೆಯಂಗಡಿಯಲ್ಲಿ ಅನ್ನುವ ಹಾಗೆಯೇ,
‘ಎರಡು ವರ್ಷ ಬರ್ತಾವು.’